ಗ್ರಾಂ ಕಳೆಯುವ ಮುಂಚೆ ಉಪ್ಪಿನ ಲೆಕ್ಕ

ಚಕ್ರದ ಬೆಂಡು ತೆಗೆಯೋಣ ಅಂತ ಒಂದು ಭಾನುವಾರ ಬೆಳಿಗ್ಗೆ ಸೈಕಲ್ಲನ್ನು ಅಂಗಳದಲ್ಲಿ ಮಗುಚಿ ನಿಲ್ಲಿಸಿದ್ದೆ. ಕಡ್ಡಿ ಬಿಗಿಯುವ ಕೀಲಿಯನ್ನು ಕಾಲು ಸುತ್ತು ತಿರುಗಿಸಿದೆ, ಅಷ್ಟೇ. ಕಡ್ಡಿಯ ತುದಿಯನ್ನು ರಿಮ್ಮಿಗೆ ಹಿಡಿಯುವ ಪುಟ್ಟ ನಟ್ಟು, ಅಂದರೆ ನಿಪ್ಪಲ್, ತಿರುಗಲಿಲ್ಲ. ಸುಣ್ಣದ ಹಾಗೆ ಪುಡಿಯಾಗಿ ಬೆರಳಿಗೆ ಅಂಟಿತು. ಪಕ್ಕದ್ದನ್ನು ಮುಟ್ಟಿದೆ, ಅದೂ ಹಾಗೇ. ಆ ಚಕ್ರ ಬೆಂಗಳೂರಿನಲ್ಲಿ ನಾಲ್ಕು ವರ್ಷ ಓಡಿತ್ತು, ಒಂದು ಚೂರೂ ತಕರಾರು ಮಾಡಿರಲಿಲ್ಲ. ಕಾರವಾರಕ್ಕೆ ತಂದು ಒಂದು ಮಳೆಗಾಲ ಕಳೆದಿತ್ತು. ಹಿತ್ತಾಳೆ ನಿಪ್ಪಲ್ ಬದಲು ಅಲ್ಯೂಮಿನಿಯಂ ಹಾಕಿದ್ದರಿಂದ ಎರಡೂ ಚಕ್ರ ಸೇರಿ ಉಳಿದಿದ್ದ ತೂಕ ಸುಮಾರು 35 ಗ್ರಾಂ. ಒಂದು ಮುಷ್ಟಿ ಅವಲಕ್ಕಿಯಷ್ಟು.

ಅವತ್ತಿನಿಂದ ಯಾರಾದರೂ 'ಯಾವ ಹಗುರ ಪಾರ್ಟ್ ಹಾಕಿಸಲಿ' ಅಂತ ಕೇಳಿದರೆ, ನಾನು ಮೊದಲು ಕೇಳುವುದು 'ಸೈಕಲ್ ಎಲ್ಲಿ ಓಡಿಸ್ತೀರಿ, ಎಲ್ಲಿ ನಿಲ್ಲಿಸ್ತೀರಿ' ಅಂತ. ಕ್ಯಾಟಲಾಗಿನಲ್ಲಿ ಗ್ರಾಂ ಬರೆದಿರುತ್ತಾರೆ. ಉಪ್ಪುಗಾಳಿಯಲ್ಲಿ ಎಷ್ಟು ದಿನ ಬಾಳುತ್ತದೆ ಅಂತ ಯಾರೂ ಬರೆಯುವುದಿಲ್ಲ. ನಮ್ಮ ಕಾರವಾರ, ಅಂಕೋಲಾ, ಕುಮಟಾ ಕಡೆ ವರ್ಷಕ್ಕೆ 3,000 ಮಿಲಿಮೀಟರಿನಷ್ಟು ಮಳೆ. ಮಳೆ ಇಲ್ಲದಾಗ ಕಡಲಿನ ಗಾಳಿ. ಘಟ್ಟದ ಮೇಲೆ ಶಿರಸಿಯಲ್ಲಿ ಉಪ್ಪು ಕಡಿಮೆ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗುವುದು ಅನ್ನೋದೇ ಇಲ್ಲ, ಜೊತೆಗೆ ಕೆಂಪು ಮಣ್ಣಿನ ಕೆಸರು. ಒಂದೇ ಪಾರ್ಟಿಗೆ ಬೆಂಗಳೂರಿನಲ್ಲಿ ಒಂದು ಆಯಸ್ಸು, ಇಲ್ಲಿ ಇನ್ನೊಂದು.

ಇನ್ನೊಂದು ಮಾತು. ನನ್ನದು ರೋಡ್ ಬೈಕ್, ಡಾಂಬರು ರಸ್ತೆಯಲ್ಲಿ ವೇಗವಾಗಿ ಓಡಿಸುವ ತೆಳು ಟೈರಿನ ಸೈಕಲ್. ಆ ಹೆಸರು ಹೇಳಿದರೆ ನಮ್ಮ ಮನೆಯಲ್ಲಿ ಈಗಲೂ 'ಎಷ್ಟು ಮೈಲೇಜು' ಅಂತ ಕೇಳುತ್ತಾರೆ. ಹಾಗಾಗಿ ಮುಂದೆಲ್ಲ ಸೈಕಲ್ ಅಂತಲೇ ಬರೆಯುತ್ತೇನೆ.

ಮೊದಲು ತೂಗಿ

ಕಂಪನಿ ಹೇಳಿದ ತೂಕ ನಂಬಬೇಡಿ. ನಿಮ್ಮದನ್ನೇ ತೂಗಿ. ಇಡೀ ಸೈಕಲ್ಲಿಗೆ ಲಗೇಜು ತೂಗುವ ಕೊಕ್ಕೆಯ ತಕ್ಕಡಿ ಸಾಕು. ಸೀಟಿನ ಮೂತಿಗೆ ಸಿಕ್ಕಿಸಿ ಎತ್ತಿದರೆ ಆಯಿತು. ಬಿಡಿ ಪಾರ್ಟುಗಳಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ. ನಾನು ಒಮ್ಮೆ ಗೆಳೆಯನ ಅಡಿಕೆ ವಖಾರಿಯ ಕಾಟಾದ ಮೇಲೆ ಸೈಕಲ್ ಹತ್ತಿಸಿದ್ದೆ. ಚೀಲದ ಅಡಿಕೆ ತೂಗುವ ಕಾಟಾಕ್ಕೆ ನೂರು ಗ್ರಾಂ ಲೆಕ್ಕಕ್ಕೇ ಇಲ್ಲ. ಅಲ್ಲಿ ಅಡಿಕೆ ಆರಿಸುತ್ತಿದ್ದ ಅಜ್ಜ ತಲೆ ಎತ್ತಿ, 'ಎಂತ ತಮಾ, ಮೂರು ತೊಲ ಕಮ್ಮಿ ಆತನಾ?' ಅಂದ. ಮೂರು ತೊಲ ಅಂದರೆ ಸರಿಯಾಗಿ 35 ಗ್ರಾಂ. ಅವನಿಗೆ ನಿಪ್ಪಲ್ ಕಥೆ ಗೊತ್ತಿರಲಿಲ್ಲ!

ತೂಗುವಾಗ ಬಾಟಲಿ, ಪಂಪು, ಸೀಟಿನ ಕೆಳಗಿನ ಚೀಲ, ಬೀಗ, ಲೈಟು ಎಲ್ಲವನ್ನೂ ಬೇರೆಯಾಗಿ ತೂಗಿ. ಹೆಚ್ಚಿನವರಿಗೆ ಇಲ್ಲೇ ಆಶ್ಚರ್ಯ ಕಾದಿರುತ್ತದೆ. ನನ್ನ ಚೀಲದಲ್ಲಿ ಎಂದೂ ಬಳಸದ ಎರಡು ಪಾನಾ, ಒಂದು ಹಳೇ ಟ್ಯೂಬು, ತುಕ್ಕು ಹಿಡಿದ ಒಂದು ಚೈನ್ ಕತ್ತರಿ ಸೇರಿ 410 ಗ್ರಾಂ ಸುಮ್ನೆ ಊರೂರು ಸುತ್ತುತ್ತಿತ್ತು. ಅದನ್ನು ಇಳಿಸಲು ಒಂದು ಪೈಸೆ ಖರ್ಚಿಲ್ಲ.

ನೀರಿನಲ್ಲಿ ಮಾತ್ರ ಜಿಪುಣತನ ಬೇಡ. 750 ಮಿಲಿಲೀಟರಿನ ಎರಡು ಬಾಟಲಿ ತುಂಬಿದರೆ ಒಂದೂವರೆ ಕಿಲೋ, ನಿಜ. ಆದರೆ ಏಪ್ರಿಲ್‌ನಲ್ಲಿ ಕರಾವಳಿಯ ಸೆಕೆಗೆ ಅದೂ ಸಾಲದು.

ಸೆಕೆಂಡಿನ ಲೆಕ್ಕ

ಏರಿನಲ್ಲಿ ನೀವು ಎತ್ತುವುದು ಸೈಕಲ್ಲನ್ನು ಮಾತ್ರ ಅಲ್ಲ. ನಿಮ್ಮನ್ನೂ, ನೀರನ್ನೂ, ಚೀಲವನ್ನೂ. ನನ್ನ ಲೆಕ್ಕ ಹೀಗಿದೆ: ಮೈ 70 ಕಿಲೋ, ಸೈಕಲ್ 9, ನೀರು ಮತ್ತು ಸಾಮಾನು 2. ಒಟ್ಟು 81 ಕಿಲೋ. ಇದರಲ್ಲಿ ಅರ್ಧ ಕಿಲೋ ಕಳೆದರೆ ನೂರಕ್ಕೆ 0.6ರಷ್ಟು ಹಗುರ. ಕುಮಟಾ–ಶಿರಸಿ ರಸ್ತೆಯಲ್ಲಿ ಕತಗಾಲ ಕಡೆಯಿಂದ ದೇವಿಮನೆ ಘಟ್ಟ ಹತ್ತುವಾಗ ನಲವತ್ತು ನಿಮಿಷ ಏಕಸಮ ತುಳಿದಿರಿ ಅಂದುಕೊಳ್ಳಿ. ಅದೇ ಕಾಲಿನ ಬಲಕ್ಕೆ ಉಳಿಯುವುದು ಹೆಚ್ಚೆಂದರೆ 15 ಸೆಕೆಂಡು. ಅರ್ಧ ಕಿಲೋ ಅಂದರೆ ದುಡ್ಡಿನಲ್ಲಿ ಸಣ್ಣ ಮಾತಲ್ಲ, ಆ ಹದಿನೈದು ಸೆಕೆಂಡು ಒಂದು ಲಾರಿಗೆ ದಾರಿ ಬಿಟ್ಟರೆ ಹೋಯಿತು.

ಕುಮಟಾದಿಂದ ಅಂಕೋಲಾಕ್ಕೆ ಹೆದ್ದಾರಿ 66ರಲ್ಲಿ ಹೋಗುವಾಗ ಅಷ್ಟೂ ಇಲ್ಲ. ಸಪಾಟು ರಸ್ತೆಯಲ್ಲಿ ನಿಮ್ಮನ್ನು ಹಿಡಿದೆಳೆಯುವುದು ಎದುರು ಗಾಳಿ ಮತ್ತು ಟೈರಿನ ಎಳೆತ. ಗ್ರಾಂ ಅಲ್ಲ. ಪಟಪಟ ಹಾರುವ ಸಡಿಲ ಮಳೆಕೋಟು ಹಾಕಿಕೊಂಡು ಹಗುರ ಚಕ್ರದ ಬಗ್ಗೆ ಚಿಂತೆ ಮಾಡುವವರನ್ನು ಕಂಡಿದ್ದೇನೆ. (ಒಂದು ಕಾಲದಲ್ಲಿ ನಾನೂ ಅವರಲ್ಲೊಬ್ಬ.)

'ಚಕ್ರದಲ್ಲಿ ಕಳೆದ ಒಂದು ಗ್ರಾಂ ಬೇರೆಡೆ ಕಳೆದ ಎರಡಕ್ಕೆ ಸಮ' ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅರ್ಧ ಸತ್ಯ. ನಿಂತಲ್ಲಿಂದ ಹೊರಡುವಾಗ, ಥಟ್ಟನೆ ವೇಗ ಏರಿಸುವಾಗ ರಿಮ್ಮು ಮತ್ತು ಟೈರಿನ ತೂಕಕ್ಕೆ ಸುಮಾರು ಎರಡರಷ್ಟು ಬೆಲೆ. ಒಂದೇ ವೇಗದಲ್ಲಿ ಘಟ್ಟ ಹತ್ತುವಾಗ ಚಕ್ರದ ಗ್ರಾಮೂ ಒಂದೇ, ಸೀಟಿನ ಗ್ರಾಮೂ ಒಂದೇ. ಹಗುರ ಚಕ್ರದ ಸೈಕಲ್ ಕಾಲಿಗೆ ಚುರುಕು ಅನ್ನಿಸುತ್ತದೆ, ಅದು ಸುಳ್ಳಲ್ಲ. ಅನ್ನಿಸುವುದಕ್ಕೆ ದುಡ್ಡು ಕೊಡುವುದೂ ತಪ್ಪಲ್ಲ. ಯಾವುದಕ್ಕೆ ಕೊಡುತ್ತಿದ್ದೇವೆ ಅಂತ ಗೊತ್ತಿರಬೇಕು, ಅಷ್ಟೇ.

ಮೂರು ಪಾಲು ಮಾಡಿ

ಅಡಿಕೆ ಆರಿಸುವ ಹಾಗೆ ಪಾರ್ಟುಗಳನ್ನೂ ಆರಿಸಬೇಕು. ಎಷ್ಟು ಹಗುರ ಅಂತ ನೋಡಿ ಅಲ್ಲ, ಮುರಿದರೆ ಏನಾಗುತ್ತದೆ ಅಂತ ನೋಡಿ.

ಮೊದಲ ಪಾಲಿನದ್ದು ಕೈಕೊಟ್ಟರೆ ನೀವು ನಡೆಯುತ್ತೀರಿ: ಟ್ಯೂಬು, ಟೈರು, ಸೀಟು, ಬಾಟಲಿ ಹಿಡಿಕೆ. ಎರಡನೆಯದು ಕೈಕೊಟ್ಟರೆ ಜೇಬು ಖಾಲಿ: ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು), ಚೈನು, ಬೇರಿಂಗು. ಮೂರನೆಯದು ಕೈಕೊಟ್ಟರೆ ಹಲ್ಲು ಹೋಗುತ್ತದೆ: ಹ್ಯಾಂಡಲ್, ಅದನ್ನು ಫೋರ್ಕಿಗೆ ಸೇರಿಸುವ ಸ್ಟೆಮ್, ಮುಂದಿನ ಫೋರ್ಕ್, ಬ್ರೇಕು, ರಿಮ್ಮು, ಚಕ್ರ ಹಿಡಿಯುವ ಅಚ್ಚು.

ಗ್ರಾಂ ಕಳೆಯುವುದಿದ್ದರೆ ಮೊದಲ ಪಾಲಿನಲ್ಲಿ ಧಾರಾಳವಾಗಿ ಕಳೆಯಿರಿ. ಎರಡನೆಯದರಲ್ಲಿ ಲೆಕ್ಕ ಹಾಕಿ. ಮೂರನೆಯದರಲ್ಲಿ ಕಡಲ ತೀರದವರು ಕೈ ಹಾಕದಿರುವುದೇ ವಾಸಿ. ಹಾಕಲೇಬೇಕೆಂದರೆ ಪ್ರತಿ ವರ್ಷ ಬಿಚ್ಚಿ ನೋಡುವ ತಾಳ್ಮೆ ಇರಬೇಕು.

ಟೈರು, ಟ್ಯೂಬು

ನನ್ನ ಕೇಳಿದರೆ ದುಡ್ಡಿಗೆ ಸರಿಯಾದ ಬೆಲೆ ಸಿಗುವುದು ಇಲ್ಲೇ. ಹೊಸ ಸೈಕಲ್ಲಿಗೆ ಸಾಮಾನ್ಯವಾಗಿ ಅಂಚಿನಲ್ಲಿ ತಂತಿ ಇರುವ ಟೈರು ಬಂದಿರುತ್ತದೆ. ಒಂದೊಂದೂ 350 ಗ್ರಾಂ ಮೇಲೆ. ಮಡಚಲು ಬರುವ ಒಳ್ಳೆಯ 28 ಮಿ.ಮೀ. ಟೈರು 230–260 ಗ್ರಾಂ. ಎರಡೂ ಸೇರಿ 200 ಗ್ರಾಂ ಆಸುಪಾಸು ಇಳಿಯುತ್ತದೆ. ಅದಕ್ಕಿಂತ ದೊಡ್ಡದೆಂದರೆ ರಸ್ತೆಯ ಮೇಲೆ ಸಲೀಸಾಗಿ ಉರುಳುತ್ತದೆ, ಒದ್ದೆಯಲ್ಲಿ ಹಿಡಿತವೂ ಹೆಚ್ಚು.

ಆದರೆ 200 ಗ್ರಾಂ ಕೆಳಗಿನ ರೇಸಿನ ಟೈರು ಬೇಡ. ಅದರ ಮೈ ತೆಳ್ಳಗೆ, ಬದಿಗಳಂತೂ ಕಾಗದ. ರಸ್ತೆ ಅಗಲ ಮಾಡುವ ಕೆಲಸ ನಡೆದಲ್ಲೆಲ್ಲ ಚೂಪು ಜಲ್ಲಿ ಬಿದ್ದಿರುತ್ತದೆ. ಮಳೆ ಬಂದರೆ ನೀರೇ ಕಲ್ಲಿನ ಚೂರನ್ನು ರಬ್ಬರಿನೊಳಗೆ ಜಾರಿಸುತ್ತದೆ. ಒದ್ದೆಯಲ್ಲಿ ಪಂಚರ್ ಜಾಸ್ತಿ ಆಗುವುದು ಅದಕ್ಕೇ. ವಾರಕ್ಕೊಮ್ಮೆ ಟೈರು ಸುತ್ತಿಸಿ, ಹಳೇ ಸೂಜಿಯಿಂದ ಕಲ್ಲಿನ ಚೂರು ಕೀಳುವುದು ನನ್ನ ಕಟ್ಟುನಿಟ್ಟಿನ ಅಭ್ಯಾಸ. ಟೀವಿ ನೋಡುತ್ತಾ ಮಾಡಬಹುದು.

ಟ್ಯೂಬಿನ ವಿಷಯ ಸ್ವಲ್ಪ ಬೇರೆ. ಸಾಧಾರಣ ಕಪ್ಪು ಬ್ಯುಟೈಲ್ ರಬ್ಬರಿನ ಟ್ಯೂಬು 100–110 ಗ್ರಾಂ. ಈಗ ಬಂದಿರುವ ಟಿಪಿಯು ಪ್ಲಾಸ್ಟಿಕ್ ಟ್ಯೂಬು 35–40 ಗ್ರಾಂ. ಎರಡು ಚಕ್ರಕ್ಕೆ 130 ಗ್ರಾಂ ಉಳಿಯಿತು, ಬೆಲೆಯೂ ಮೊದಲಿನಷ್ಟು ಜಾಸ್ತಿ ಇಲ್ಲ. ಹಾಗಾದರೆ ಹಾಕಿಬಿಡೋಣವೇ? ಎರಡು ತೊಡಕು ಇವೆ. ಒಂದು, ಊರಿನ ಪಂಚರ್ ಅಂಗಡಿಯ ಸೊಲ್ಯೂಷನ್ ಇದಕ್ಕೆ ಅಂಟುವುದಿಲ್ಲ, ಅದರದ್ದೇ ತೇಪೆ ಬೇಕು. ದಾರಿಯಲ್ಲಿ ಎರಡನೇ ಪಂಚರ್ ಆದರೆ ಅಲ್ಲಿಗೇ ಮುಗಿಯಿತು. ಎರಡು, ಕೆಲವು ಟಿಪಿಯು ಟ್ಯೂಬಿನ ಡಬ್ಬಿಯ ಮೇಲೆ 'ಡಿಸ್ಕ್ ಬ್ರೇಕಿಗೆ ಮಾತ್ರ' ಅಂತ ಬರೆದಿರುತ್ತದೆ. ರಿಮ್ಮನ್ನೇ ಒತ್ತುವ ಬ್ರೇಕ್ ಇದ್ದರೆ ಉದ್ದದ ಇಳಿಜಾರಿನಲ್ಲಿ ರಿಮ್ಮು ಕಾಯುತ್ತದೆ, ಈ ಪ್ಲಾಸ್ಟಿಕ್ಕಿಗೆ ಕಾವು ಆಗದು.

ನಾನು ಮಾಡುವುದು ಉಲ್ಟಾ. ಚಕ್ರದೊಳಗೆ ಬ್ಯುಟೈಲ್, ಚೀಲದೊಳಗೆ ಎಕ್ಸ್‌ಟ್ರಾ ಅಂತ ಇಡುವ ಟ್ಯೂಬು ಟಿಪಿಯು. ಮಡಚಿದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಎರಡಿದ್ದರೂ ಚೀಲ ಉಬ್ಬುವುದಿಲ್ಲ.

ಚಕ್ರ

ಸೈಕಲ್ ಜೊತೆ ಬಂದ ಚಕ್ರ ಜೋಡಿ 1,900–2,000 ಗ್ರಾಂ ಇರುತ್ತದೆ. ಒಳ್ಳೆಯ ಅಲ್ಯೂಮಿನಿಯಂ ಜೋಡಿ 1,550–1,650. ಒಂದೇ ಏಟಿಗೆ 350 ಗ್ರಾಂ ಕಳೆಯಬಹುದಾದ ಜಾಗ ಇದು. ಹಾಗಾಗಿ ಎಲ್ಲರ ಕಣ್ಣೂ ಇಲ್ಲೇ. ಕೊಳ್ಳುವ ಮುಂಚೆ ನಾಲ್ಕು ವಿಷಯ ಕೇಳಿ.

ನಿಪ್ಪಲ್ ಯಾವುದು? ಹಿತ್ತಾಳೆಯದ್ದೇ ಬೇಕು ಅಂತ ಹೇಳಿ. ಸ್ಟೇನ್‌ಲೆಸ್ ಕಡ್ಡಿ, ಅಲ್ಯೂಮಿನಿಯಂ ನಿಪ್ಪಲ್, ನಡುವೆ ಉಪ್ಪುನೀರು ಅಂದರೆ ಅದು ಸಣ್ಣದೊಂದು ಬ್ಯಾಟರಿ. ಎರಡು ಬೇರೆ ಲೋಹ ಉಪ್ಪುನೀರಲ್ಲಿ ತಾಗಿಕೊಂಡರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಸೈಕಲ್ಲಿನಲ್ಲಿ ಹೆಚ್ಚುಕಮ್ಮಿ ಯಾವಾಗಲೂ ಸೋಲುವುದು ಅಲ್ಯೂಮಿನಿಯಂ. ಅಂಗಳದಲ್ಲಿ ನನ್ನ ಬೆರಳಿಗೆ ಅಂಟಿದ್ದು ಅದರ ಬೂದಿ. ಕಾರ್ಬನ್ (ನಾರನ್ನು ಅಂಟಿನಿಂದ ಪದರ ಪದರವಾಗಿ ಕೂಡಿಸಿ ಮಾಡಿದ್ದು) ಕೂಡ ಈ ವಿಷಯದಲ್ಲಿ ಲೋಹದ ಹಾಗೇ ನಡೆದುಕೊಳ್ಳುತ್ತದೆ, ಅದನ್ನು ಮುಟ್ಟಿಕೊಂಡಿರುವ ಅಲ್ಯೂಮಿನಿಯಂ ಸವೆಯುತ್ತದೆ.

ಕಡ್ಡಿ ಎಷ್ಟು? ಮುಂದೆ 20, ಹಿಂದೆ 24 ಇರುವ ಚಕ್ರ ನೋಡಲು ಚಂದ. ಒಂದು ಕಡ್ಡಿ ತುಂಡಾದರೆ ಮಾತ್ರ ಚಕ್ರ ಸೊಟ್ಟಗಾಗಿ ಫ್ರೇಮಿಗೆ ತಾಗುತ್ತದೆ, ಸೈಕಲ್ ಹೆಗಲ ಮೇಲೆ. ಹಿಂದೆ 28 ಅಥವಾ 32 ಇದ್ದರೆ ಬ್ರೇಕು ಸ್ವಲ್ಪ ಸಡಿಲಿಸಿ ಹೇಗೋ ಮನೆ ಸೇರಬಹುದು. ಎಂಬತ್ತು ಕಿಲೋ ಮೇಲಿರುವವರು 20ರ ಆಸೆ ಬಿಡಿ.

ಆ ಕಡ್ಡಿ ಇಲ್ಲಿ ಸಿಗುತ್ತದಾ? ಚಪ್ಪಟೆ ಕಡ್ಡಿ, ನೇರ ತಲೆಯ ಕಡ್ಡಿ ಶಿರಸಿ ಪೇಟೆಯಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಚಕ್ರ ಕೊಳ್ಳುವಾಗಲೇ ಆಯಾ ಅಳತೆಯ ನಾಲ್ಕು ಕಡ್ಡಿ ಜೊತೆಗೆ ತರಿಸಿ. ಎರಡನ್ನು ಫ್ರೇಮಿಗೇ ಟೇಪು ಸುತ್ತಿ ಕಟ್ಟಿಡಿ. ಹತ್ತು ಗ್ರಾಂ ಏರಿತು ಅಂತ ಬೇಸರ ಬೇಡ.

ನಾಲ್ಕನೆಯದು ಬ್ರೇಕು. ರಿಮ್ಮನ್ನು ಒತ್ತುವ ಬ್ರೇಕ್ ಇದ್ದರೆ ಮಳೆಗಾಲದ ಕೆಸರು ಉಪ್ಪುಕಾಗದದ ಹಾಗೆ ರಿಮ್ಮಿನ ಗೋಡೆ ತಿನ್ನುತ್ತದೆ. ಹಗುರ ರಿಮ್ಮಿಗೆ ಆ ಗೋಡೆ ಮೊದಲೇ ತೆಳು. ಹಲವು ರಿಮ್ಮುಗಳಲ್ಲಿ ಒಂದು ಸಣ್ಣ ಚುಕ್ಕೆ ಗುಳಿ ಇಲ್ಲವೇ ಗೀರು ಇರುತ್ತದೆ. ಅದು ಮಾಯವಾದ ದಿನ ರಿಮ್ಮಿನ ಕಥೆ ಮುಗಿಯಿತು ಅಂತ ಅರ್ಥ. ಕಾರ್ಬನ್ ರಿಮ್ಮಿಗೆ ಇಂಥ ಬ್ರೇಕ್ ಇಟ್ಟುಕೊಂಡು ಮಳೆಯಲ್ಲಿ ದೇವಿಮನೆ ಇಳಿಯುವುದು ನನ್ನ ಕೈಲಾಗದು. ಒದ್ದೆಯಲ್ಲಿ ಮೊದಲ ಹಲವು ಮಾರು ಬ್ರೇಕೇ ಹಿಡಿಯುವುದಿಲ್ಲ. ಒಣಗಿದ್ದಾಗ ಬಿಡದೆ ಒತ್ತಿಕೊಂಡು ಇಳಿದರೆ ಕಾದು, ಕಾರ್ಬನ್ನಿನ ಪದರಗಳನ್ನು ಹಿಡಿದ ಅಂಟೇ ಮೆತ್ತಗಾಗಬಹುದು. ಡಿಸ್ಕ್ ಇದ್ದವರಿಗೆ ಈ ತಲೆನೋವಿಲ್ಲ. ಅವರು ಕಾರ್ಬನ್ ಯೋಚಿಸಬಹುದು, ಜೇಬು ಒಪ್ಪಿದರೆ.

ಕ್ಯಾಸೆಟ್, ಚೈನು

ಇಲ್ಲಿ ಒಂದು ತಮಾಷೆ ಇದೆ. ಶಿಮಾನೋ ಕಂಪನಿಯ 11 ಗೇರಿನ, '105' ಅನ್ನುವ ದರ್ಜೆಯ ಕ್ಯಾಸೆಟ್, 11–28 ಹಲ್ಲಿನದ್ದು, 284 ಗ್ರಾಂ. ಅದೇ ಅಳತೆಯ, ಅದೇ ಕಂಪನಿಯ ದುಬಾರಿ ದರ್ಜೆಯ ಡ್ಯೂರಾ-ಏಸ್ ಸುಮಾರು 190. ತೊಂಬತ್ತು ಗ್ರಾಂ ವ್ಯತ್ಯಾಸ ಎಲ್ಲಿಂದ ಬಂತು ಅಂದರೆ ದೊಡ್ಡ ಹಲ್ಲುಚಕ್ರಗಳನ್ನು ಟೈಟಾನಿಯಂನಲ್ಲಿ ಮಾಡಿದ್ದರಿಂದ. ಟೈಟಾನಿಯಂ ಹಲ್ಲು ಉಕ್ಕಿನ ಹಲ್ಲಿಗಿಂತ ಬೇಗ ಸವೆಯುತ್ತದೆ. ಸಪಾಟು ಊರಿನವರು ದೊಡ್ಡ ಹಲ್ಲುಚಕ್ರ ಅಪರೂಪಕ್ಕೆ ಮುಟ್ಟುತ್ತಾರೆ, ಅವರಿಗೆ ನಡೆಯುತ್ತದೆ. ಘಟ್ಟ ಹತ್ತುವ ನಾವು ಇಡೀ ಹೊತ್ತು ಅದರಲ್ಲೇ ಇರುತ್ತೇವೆ! ಅಂದರೆ ಎಲ್ಲಕ್ಕಿಂತ ಬೇಗ ಸವೆಯುವ ಹಲ್ಲನ್ನೇ ಎಲ್ಲಕ್ಕಿಂತ ಜಾಸ್ತಿ ತುಳಿಯುತ್ತೇವೆ, ಕೆಸರು ಬೆರೆಸಿ.

ನಿಮ್ಮ ಕ್ಯಾಸೆಟ್ 28ರದ್ದಾಗಿದ್ದು ದೇವಿಮನೆಯಲ್ಲೋ ಅರಬೈಲ್ ಘಟ್ಟದಲ್ಲೋ ಮೊಣಕಾಲು ನೋಯುತ್ತಿದ್ದರೆ, ಹಗುರದ್ದಲ್ಲ, ಭಾರದ್ದು ಹಾಕಿಸಿ. 32 ಅಥವಾ 34 ಹಲ್ಲಿನದ್ದು, ಹಿಂದೆ ಹಲ್ಲು ಜಾಸ್ತಿಯಾದಷ್ಟೂ ಏರಿನಲ್ಲಿ ತುಳಿಯುವುದು ಸಲೀಸು. ಹಿಂದಿನ ಡಿರೇಲರ್ (ಗೇರು ಬದಲಿಸಲು ಚೈನನ್ನು ಸರಿಸುವ ಸಾಧನ) ಅಷ್ಟು ದೊಡ್ಡ ಹಲ್ಲುಚಕ್ರ ಹಿಡಿಯುತ್ತದಾ ಅಂತ ಮೊದಲು ಕೇಳಿಕೊಳ್ಳಿ. ಹತ್ತಾರು ಗ್ರಾಂ ಏರುತ್ತದೆ, ಕಾಲು ಉಳಿಯುತ್ತದೆ. ನಾನು ಸೈಕಲ್ಲಿಗೆ ಮಾಡಿಸಿದ ಅತ್ಯುತ್ತಮ ಅಪ್‌ಗ್ರೇಡ್ ಇದೇ.

ಟೊಳ್ಳು ಪಿನ್ನಿನ ಹಗುರ ಚೈನಿನಲ್ಲಿ ಉಳಿಯುವುದು ಹತ್ತು ಹದಿನೈದು ಗ್ರಾಂ. ಬಿಡಿ ಆ ಮಾತು. ಬದಲಿಗೆ ಚೈನು ಅಳೆಯುವುದು ಕಲಿಯಿರಿ. ಒಂದು ಅಡಿಯ ಉಕ್ಕಿನ ಸ್ಕೇಲನ್ನು ಒಂದು ಪಿನ್ನಿನ ನಡುವಿಗೆ ಇಟ್ಟು ಹಿಡಿಯಿರಿ. ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡು ಬರುತ್ತದೆ. ಸವೆದಂತೆ ಅದು ಮುಂದಕ್ಕೆ ಸರಿಯುತ್ತದೆ. ಇಂಚಿನ ಒಂದು ವೀಸ, ಅಂದರೆ ಹದಿನಾರರಲ್ಲಿ ಒಂದು ಪಾಲು ಸರಿದಿದ್ದರೆ ನೂರಕ್ಕೆ ಅರ್ಧದಷ್ಟು ಹಿಗ್ಗಿದೆ. 11, 12 ಗೇರಿನವರು ಆಗಲೇ ಚೈನು ಬದಲಿಸಬೇಕು. ಚೈನು ಬದಲಿಸದೆ ಹಾಗೇ ಓಡಿಸಿದರೆ ಅದು ಕ್ಯಾಸೆಟ್ಟನ್ನೂ ತಿಂದು ಮುಗಿಸುತ್ತದೆ.

ಚೈನಿಗೆ ಕೊಬ್ಬರಿ ಎಣ್ಣೆ ಹಾಕಲು ಹೇಳುವ ಹಿರಿಯರು ಪ್ರತಿ ಕೇರಿಯಲ್ಲೂ ಒಬ್ಬರಿದ್ದಾರೆ. 24 ಡಿಗ್ರಿಗಿಂತ ತಂಪಾದರೆ ಅದು ಹೆಪ್ಪುಗಟ್ಟುತ್ತದೆ. ಶಿರಸಿಯ ಡಿಸೆಂಬರ್ ಬೆಳಗಿಗೆ ಚೈನಿನ ಮೇಲೆ ಬೆಣ್ಣೆ ಹಚ್ಚಿದ ಹಾಗೆ ಕಾಣುತ್ತದೆ. ತಲೆಗೆ ಸಾಕು ಅದು.

ಹ್ಯಾಂಡಲ್: ಟೇಪಿನ ಒಳಗೆ ಇಣುಕಿ

ಅಲ್ಯೂಮಿನಿಯಂ ಹ್ಯಾಂಡಲ್ 280–300 ಗ್ರಾಂ, ಕಾರ್ಬನ್ 200ರ ಆಸುಪಾಸು. ಈ ತೊಂಬತ್ತು ಗ್ರಾಮಿನಲ್ಲಿ ಒಂದಷ್ಟಾದರೂ ಕಳೆಯೋಣ ಅಂತ ನಾನು ಒಂದು ಸಲ ತೆಳು ಗೋಡೆಯ ಹಗುರ ಅಲ್ಯೂಮಿನಿಯಂ ಹ್ಯಾಂಡಲ್ ಹಾಕಿಸಿದ್ದೆ. ಎರಡು ವರ್ಷ ಟೇಪು ಬಿಚ್ಚಲಿಲ್ಲ. ನಡುವೆ ಒಮ್ಮೆ ಸರ್ವಿಸಿಗೆ ಕೊಟ್ಟಿದ್ದೆ, 'ಎಲ್ಲ ಚೆಕ್ ಮಾಡಿದ್ದೇವೆ' ಅಂತ ಬಿಲ್ ಕೊಟ್ಟರು. ಆಮೇಲೆ ಟೇಪು ಹರಿದದ್ದಕ್ಕೆ ನಾನೇ ಬಿಚ್ಚಿದೆ. ಬ್ರೇಕ್ ಹಿಡಿಯ ಪಟ್ಟಿ ಬಿಗಿದ ಜಾಗದ ಸುತ್ತ ಉಪ್ಪಿನ ಹರಳಿನಂಥ ಬಿಳಿ ಪುಡಿ. ಕೆರೆದರೆ ಕೆಳಗೆ ಗುಳಿ, ಗುಳಿಯೊಳಗೆ ಇನ್ನೊಂದು ಗುಳಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಟೇಪಿನಲ್ಲಿ ಇಂಗಿದ ಬೆವರು, ಮೇಲಿಂದ ಕಡಲ ಗಾಳಿ, ಉಕ್ಕಿನ ಪಟ್ಟಿ ಮೂರೂ ಸೇರಿ ತಿಂದಿದ್ದವು. ಹಿಂದಿನ ವಾರವೇ ಅದೇ ಹ್ಯಾಂಡಲ್ ಹಿಡಿದು ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಘಟ್ಟ ಇಳಿದಿದ್ದೆ. ಈಗ ನೆನೆದರೂ ಅಂಗೈ ಬೆವರುತ್ತದೆ.

ಹಾಗಾಗಿ ಹ್ಯಾಂಡಲ್ ಯಾವುದೇ ಇರಲಿ, ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಟೇಪು ಬದಲಿಸಿ. ಬಿಚ್ಚಿದಾಗ ಸಿಹಿನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಪಟ್ಟಿ ಸರಿಸಿ ಕೆಳಗೆ ನೋಡಿ. ಗುಳಿ ಕಂಡರೆ ಗುಜರಿಗೆ. ಕಾರ್ಬನ್ ಹ್ಯಾಂಡಲ್ ಸ್ವತಃ ತುಕ್ಕು ಹಿಡಿಯದು, ಅದು ನಿಜ. ಆದರೆ ಒಂದು ಸಲ ಬಿದ್ದರೆ ಒಳಗೆ ಬಿರುಕು ಬಿಟ್ಟಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಜೋರಾಗಿ ಬಿದ್ದ ಕಾರ್ಬನ್ ಹ್ಯಾಂಡಲ್ಲನ್ನು ಬದಲಿಸುವ ದುಡ್ಡು ಕೈಯಲ್ಲಿ ಇದ್ದರೆ ಮಾತ್ರ ಕೊಳ್ಳಿ.

ಸಣ್ಣಪುಟ್ಟದ್ದು

ಸೀಟು: 300 ಗ್ರಾಮಿನದ್ದು ಬಿಟ್ಟು 200ರದ್ದಕ್ಕೆ ಹೋಗಬಹುದು, ನಿಮ್ಮ ಕೂರುವ ಜಾಗ ಒಪ್ಪಿದರೆ. ಕಾರ್ಬನ್ ಕಂಬಿಯ ಸೀಟಾದರೆ ಕಂಬಿ ದುಂಡಗಿರುವುದಿಲ್ಲ, ಹೆಚ್ಚಾಗಿ 7×9 ಮಿ.ಮೀ. ಅಂಡಾಕಾರ. ಮಾಮೂಲು 7 ಮಿ.ಮೀ. ದುಂಡು ಕಂಬಿಯ ಹಿಡಿಕೆಗೆ ಅದನ್ನು ಹಾಕಿ ಬಿಗಿದರೆ ಒಡೆಯುತ್ತದೆ.

ಬೋಲ್ಟು: ಟೈಟಾನಿಯಂ ಬೋಲ್ಟಿಗೆ ತುಕ್ಕು ಹಿಡಿಯದು, ಇಡೀ ಸೈಕಲ್ಲಿಗೆ ಹಾಕಿದರೆ ಇಪ್ಪತ್ತು ಮೂವತ್ತು ಗ್ರಾಂ ಇಳಿಯಬಹುದು. ಅಲ್ಯೂಮಿನಿಯಂ ಬೋಲ್ಟು ಬಾಟಲಿ ಹಿಡಿಕೆಗೆ ಬಿಟ್ಟು ಬೇರೆ ಎಲ್ಲೂ ಬೇಡ. ಹಾರ್ಡ್‌ವೇರ್ ಅಂಗಡಿಯ ಸ್ಟೇನ್‌ಲೆಸ್ ಬೋಲ್ಟನ್ನು ಸ್ಟೆಮ್ಮಿಗೆ ಹಾಕಬೇಡಿ, ಮೂಲ ಉಕ್ಕಿನ ಬೋಲ್ಟಿನಷ್ಟು ಗಟ್ಟಿ ಇರುವುದಿಲ್ಲ.

ಚಕ್ರದ ಅಚ್ಚಿನ ಹಿಡಿ: ಲಿವರ್ ಬಳಿಯ ಕ್ಯಾಮ್ (ಲಿವರ್ ಮಡಚಿದಾಗ ಬಿಗಿಯುವ ಉರುಟು ತುಂಡು) ಹೊರಗೆ ಕಾಣುವ ಹಗುರ ನಮೂನೆ ಬೇಡ. ಒಳಗೆ ಮುಚ್ಚಿದ ಹಳೇ ನಮೂನೆಯೇ ಬಿಗಿಯಾಗಿ ಹಿಡಿಯುತ್ತದೆ, ಕೆಸರೂ ಒಳಹೋಗದು.

ಸೆರಾಮಿಕ್ ಬೇರಿಂಗು: ಬೇಡ. ಇಲ್ಲಿ ಬೇರಿಂಗ್ ಬಾಳುವುದು ಅದರ ರಬ್ಬರ್ ಮುಚ್ಚಳ ಮತ್ತು ಗ್ರೀಸಿನಿಂದ.

ದುಡ್ಡಿನ ಲೆಕ್ಕ

ಕಾಗದದಲ್ಲಿ ಮೂರು ಸಾಲು ಬರೆಯಿರಿ: ಬೆಲೆ, ಇಳಿಯುವ ಗ್ರಾಂ, ಎಷ್ಟು ವರ್ಷ ಬಾಳೀತು. ಬೆಲೆಯನ್ನು ಗ್ರಾಮಿನಿಂದ ಭಾಗಿಸಿ, ಬಂದದ್ದನ್ನು ವರ್ಷದಿಂದ ಭಾಗಿಸಿ. ನಾನು ಕೊಂಡಾಗ ಟೈರು ಜೋಡಿಗೆ 6,000 ರೂಪಾಯಿ ಕೊಟ್ಟೆ, 240 ಗ್ರಾಂ ಇಳಿಯಿತು. ಗ್ರಾಮಿಗೆ 25 ರೂಪಾಯಿ. ಎರಡು ವರ್ಷ ಬಂತು, ಅಂದರೆ ವರ್ಷಕ್ಕೆ ಹನ್ನೆರಡೂವರೆ. ಚಕ್ರ ಜೋಡಿ 28,000, ಇಳಿದದ್ದು 350 ಗ್ರಾಂ. ಗ್ರಾಮಿಗೆ 80. ಹಿತ್ತಾಳೆ ನಿಪ್ಪಲ್, ಡಿಸ್ಕ್ ಬ್ರೇಕು, ಐದು ವರ್ಷಕ್ಕೆ ಮೋಸವಿಲ್ಲ ಅಂದರೆ ವರ್ಷಕ್ಕೆ 16. ಟೈರಿನ ಹತ್ತಿರಕ್ಕೇ ಬಂತು ನೋಡಿ. ಅದೇ ಚಕ್ರದ ನಿಪ್ಪಲ್ ಒಂದೇ ಮಳೆಗಾಲಕ್ಕೆ ಪುಡಿಯಾದರೆ 80 ಪೂರ್ತಿ 80 ಆಗಿಯೇ ಉಳಿಯುತ್ತದೆ. ಆಯಸ್ಸಿನ ಸಾಲು ಬರೆಯದೆ ಬರೀ ಗ್ರಾಮಿನ ಬೆಲೆ ನೋಡುವವರು ಎಡವುವುದು ಇಲ್ಲೇ.

ಜೋಡಿಸುವಾಗ, ತೊಳೆಯುವಾಗ

ಹಗುರ ಪಾರ್ಟು ಅಂದಾಜಿನ ಕೈಗೆ ಆಗಿಬರುವುದಿಲ್ಲ. ಎಷ್ಟು ಬಲದಿಂದ ಬಿಗಿದಿರಿ ಅಂತ ತಿಳಿಸುವ ಟಾರ್ಕ್ ಪಾನಾ ಒಂದು ಕೊಳ್ಳಿ. ಸ್ಟೆಮ್ಮಿನ ಬೋಲ್ಟಿಗೆ ಹೆಚ್ಚಾಗಿ 5 ನ್ಯೂಟನ್ ಮೀಟರ್, ಪಾರ್ಟಿನ ಮೇಲೇ ಅಚ್ಚು ಹಾಕಿರುತ್ತಾರೆ. ಅದನ್ನೇ ನಂಬಿ. ಲೋಹಕ್ಕೆ ಲೋಹ ಕೂಡುವಲ್ಲೆಲ್ಲ ಗ್ರೀಸು. ಕಾರ್ಬನ್ ಸೀಟುಕಂಬಕ್ಕೆ ಗ್ರೀಸು ಬೇಡ, ಅದಕ್ಕೆಂದೇ ಸಿಗುವ ಮರಳುಮರಳಾದ ಪೇಸ್ಟು ಹಚ್ಚಿ. ಅಲ್ಯೂಮಿನಿಯಂ ಫ್ರೇಮಿನೊಳಗೆ ಕಾರ್ಬನ್ ಕಂಬ ಇಟ್ಟಿದ್ದರೆ ಎರಡು ತಿಂಗಳಿಗೊಮ್ಮೆ ಹೊರತೆಗೆದು ಒರೆಸಿ ಮತ್ತೆ ಇಡಿ. ಇಲ್ಲವಾದರೆ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಗರಗಸವೇ ಗತಿ.

ಕಡಲ ದಂಡೆಯ ರಸ್ತೆಯಲ್ಲಿ ಹೋಗಿ ಬಂದ ದಿನ ಸಿಹಿನೀರಿನಿಂದ ತೊಳೆಯಿರಿ, ಕಣ್ಣಿಗೆ ಕೊಳೆ ಕಾಣದಿದ್ದರೂ. ಉಪ್ಪು ಕಾಣುವುದಿಲ್ಲ. ಬಕೆಟ್ಟು, ಚೊಂಬು, ಹಳೇ ಬನಿಯನ್ ಸಾಕು. ಸ್ಕೂಟರ್ ತೊಳೆಯುವ ಅಂಗಡಿಯ ಪ್ರೆಷರ್ ಪೈಪು ಬೇಡ, ಅದು ಬೇರಿಂಗಿನೊಳಗಿನ ಗ್ರೀಸನ್ನು ಹೊರಹಾಕಿ ನೀರನ್ನು ಒಳತುಂಬುತ್ತದೆ.

ಮೇ ಕೊನೆಗೆ ಒಂದು ಅದಲುಬದಲು

ಹಳೇ ಭಾರದ ಚಕ್ರ ಮಾರಬೇಡಿ. ಮಾರಿದರೂ ಬರುವುದು ಮೂರು ಕಾಸು. ಮಳೆ ಹಿಡಿಯುವ ಮುಂಚೆ ಹಗುರ ಜೋಡಿ ಬಿಚ್ಚಿ, ಹಳೇ ಜೋಡಿ ಹಾಕಿಬಿಡಿ. ಮೇಲೊಂದು ಮಡ್‌ಗಾರ್ಡು, ಫ್ರೇಮಿನಲ್ಲಿ ಜಾಗ ಇದ್ದರೆ. ಸೈಕಲ್ ಒಂದು ಕಿಲೋ ಜಾಸ್ತಿಯಾಗುತ್ತದೆ, ಆಗಲಿ. ಹಳೇ ಜೋಡಿ, ಹಗುರ ಜೋಡಿ ಎರಡರ ರಿಮ್ಮಿನ ಅಗಲ ಬೇರೆ ಇದ್ದು ರಿಮ್ಮನ್ನು ಒತ್ತುವ ಬ್ರೇಕ್ ಆಗಿದ್ದರೆ ಬ್ರೇಕ್ ತಂತಿ ಸರಿಮಾಡಬೇಕಾಗುತ್ತದೆ, ಹತ್ತು ನಿಮಿಷದ ಕೆಲಸ. ಚೈನು ಸವೆದ ಮಟ್ಟಕ್ಕೆ ಹೊಂದುವ ಹಳೇ ಕ್ಯಾಸೆಟ್ಟನ್ನು ಆ ಚಕ್ರದಲ್ಲೇ ಬಿಟ್ಟಿಡಿ. ಹೊಸ ಕ್ಯಾಸೆಟ್ ಕೆಸರು ತಿನ್ನುವುದು ತಪ್ಪುತ್ತದೆ.

ಬಿಚ್ಚಿದ ಹಗುರ ಚಕ್ರವನ್ನು ತೊಳೆದು, ಎರಡು ದಿನ ನೆರಳಲ್ಲಿ ಒಣಗಿಸಿ. ಪ್ರತಿ ನಿಪ್ಪಲ್ಲಿನ ಬುಡಕ್ಕೆ ಒಂದು ಹನಿ ಎಣ್ಣೆ ಬಿಡಿ. ಗಾಳಿ ಅರ್ಧ ಇಳಿಸಿ ಅಟ್ಟದಲ್ಲಿ ತೂಗುಹಾಕಿ. ಹೊಗೆ ಆಡುವ ಅಡುಗೆಮನೆಯ ಅಟ್ಟವಾದರೆ ಇನ್ನೂ ಒಳ್ಳೆಯದು, ಮಳೆಗಾಲದಲ್ಲೂ ಒಣಗಿರುತ್ತದೆ. ಇಲಿ ಇದ್ದರೆ ಮಾತ್ರ ಟೈರು ಬಿಚ್ಚಿ ತಗಡಿನ ಡಬ್ಬಿಯಲ್ಲಿ ಇಡಿ. ಕಳೆದ ಆಗಸ್ಟ್‌ನಲ್ಲಿ ನನ್ನ ಹೊಸ ಟೈರಿನ ಅಂಚನ್ನು ಇಲಿ ಗೇಣುದ್ದ ಕಡಿದು ಹಾಕಿತ್ತು.